ಬಂದೂಕು ಬೇಡವೆಂದಿದ್ದ ನಾನೇ ಈಗ ಬೇಕೆನ್ನುತ್ತಿದ್ದೇನೆ

ಪ್ರಶ್ನೆ: ನಾನು ಇಂಡಿ ತಾಲ್ಲೂಕಿನ ಪ್ರೌಢಶಾಲೆಯೊಂದರ ಶಿಕ್ಷಕಿ, ವಯಸ್ಸು 41. ಊರಿನಿಂದ ದೂರದ ನಿಂಬೆ ತೋಟದ ವಸ್ತಿಯಲ್ಲಿ ಪತಿ, ಅತ್ತೆ, ಮಾವ ಮತ್ತು ಪಿಯುಸಿ ಓದುವ ಮಗನೊಂದಿಗೆ ಇದ್ದೇನೆ. ನಾನು ಚಿಕ್ಕವಳಿದ್ದಾಗ ಭೀಮಾ ತೀರದ ಹಳೆಯ ದ್ವೇಷವೊಂದರಲ್ಲಿ ನನ್ನ ಸೋದರಮಾವ ನಾಡಪಿಸ್ತೂಲಿನ ಗುಂಡಿಗೆ ಬಲಿಯಾದರು. ಮದುವೆಯಾಗಿ ಬಂದ ಮೇಲೆ, ಮಾವನವರ ಲೈಸೆನ್ಸಿನ ಜೋಡುನಳಿಗೆ ಬಂದೂಕನ್ನು ಮನೆಯಿಂದ ತೆಗೆಸಬೇಕೆಂದು ವರ್ಷಗಟ್ಟಲೆ ಹಟ ಹಿಡಿದವಳು ನಾನೇ. ಕಳೆದ ವರ್ಷ ಪತಿ ಸೊಲ್ಲಾಪುರಕ್ಕೆ ಹೋಗಿದ್ದ ರಾತ್ರಿ ಮುಸುಕು ಹಾಕಿಕೊಂಡವರು ಬಾಗಿಲು ಮುರಿದು ನುಗ್ಗಿ, ಮಗನ ಕುತ್ತಿಗೆಗೆ ಕುಡುಗೋಲು ಹಿಡಿದು ಬಂಗಾರ, ಹಣ ದೋಚಿದರು. ಬಂದೂಕು ಮಾವನವರ ಕಪಾಟಿನಲ್ಲೇ ಇತ್ತು. ಅವರಿಗೆ ಹಾಸಿಗೆಯಿಂದ ಏಳಲೂ ಆಗಲಿಲ್ಲ. ಅಂದಿನಿಂದ ನನಗೆ ನಿದ್ದೆಯಿಲ್ಲ. ಆ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕೆಂದಿದ್ದೇನೆ. 74 ವರ್ಷದ ಮಾವನವರಿಗೆ ಇದರಿಂದ ಸಂತೋಷವಾಗಿದೆ. "ಹಲಗಲಿ ಮಂದಿ ಜೀವಾ ಕೊಟ್ರು, ಹತಾರ ಕೊಡಲಿಲ್ಲ" ಎನ್ನುತ್ತಾರೆ. ಮಗನಿಗೆ ಉತ್ಸಾಹ, ಪತಿಗೆ ಇಷ್ಟವಿಲ್ಲ. ನನ್ನ ಅವ್ವ ವಿಷಯ ತಿಳಿದಾಗಿನಿಂದ ಮಾತು ಬಿಟ್ಟಿದ್ದಾಳೆ. ಅಂದು ನಾನು ಹೇಳುತ್ತಿದ್ದುದು ತಪ್ಪೋ, ಇಂದು ಕೇಳುತ್ತಿರುವುದು ತಪ್ಪೋ?

ಉತ್ತರ: ತಂಗಿ, ನಿಮ್ಮ ಎರಡೂ ಮಾತುಗಳು ಅನುಭವದಿಂದಲೇ ಬಂದವು, ಎರಡರಲ್ಲಿಯೂ ಸುಳ್ಳಿಲ್ಲ. ಸೋದರಮಾವನ ಶವವನ್ನು ಕಂಡ ಹುಡುಗಿ ಬಂದೂಕನ್ನು ದ್ವೇಷಿಸಿದ್ದು ಸಹಜ. ಮಗನ ಕುತ್ತಿಗೆಯ ಮೇಲೆ ಕುಡುಗೋಲು ಕಂಡ ತಾಯಿ ಅದೇ ಬಂದೂಕಿಗಾಗಿ ಕೈ ಚಾಚಿದ್ದೂ ಸಹಜ. ಅಭಿಪ್ರಾಯ ಬದಲಾದುದಕ್ಕೆ ನೀವು ನಾಚಬೇಕಾಗಿಲ್ಲ. ಆದರೆ ಆ ಬಂದೂಕು ನಿಮ್ಮ ಹೆಸರಿಗೆ ಬರುವುದು ಬೇಡವೆಂದು, ಕನಿಷ್ಠ ಈಗಂತೂ ಬೇಡವೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಇಂಥ ಬದಲಾವಣೆ ಎರಡು ದಿಕ್ಕಿನಲ್ಲಿಯೂ ಆಗುತ್ತದೆ. ಅಮೆರಿಕದ ಟೆಕ್ಸಸ್ ರಾಜ್ಯದ ಕಿಲ್ಲೀನ್ ಪಟ್ಟಣದಲ್ಲಿ 1991ರ ಅಕ್ಟೋಬರಿನಲ್ಲಿ ಒಬ್ಬ ಬಂದೂಕುಧಾರಿ ಉಪಾಹಾರ ಗೃಹಕ್ಕೆ ನುಗ್ಗಿ 23 ಜನರನ್ನು ಕೊಂದನು. ಅಲ್ಲಿದ್ದ ಸುಝಾನಾ ಹಪ್ ಎಂಬ ಮಹಿಳೆ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ಅಂದಿನ ಕಾನೂನು ಬಚ್ಚಿಟ್ಟುಕೊಂಡು ಒಯ್ಯಲು ಬಿಡದ ಕಾರಣ ಅವರ ರಿವಾಲ್ವರ್ ಹೊರಗೆ ಕಾರಿನಲ್ಲಿತ್ತು. ಅದು ಕೈಯಲ್ಲಿದ್ದಿದ್ದರೆ ಎಂಬ ಕೊರಗೇ ಮುಂದೆ ಅವರನ್ನು ಶಾಸನಸಭೆಯವರೆಗೆ ಕರೆದೊಯ್ದಿತು, ಶಸ್ತ್ರ ಒಯ್ಯುವ ಹಕ್ಕಿನ ದೊಡ್ಡ ಪ್ರತಿಪಾದಕಿಯನ್ನಾಗಿ ಮಾಡಿತು. ಅದೇ ದೇಶದ ಅರಿಜೋನಾದಲ್ಲಿ ಸಂಸದೆ ಗ್ಯಾಬ್ರಿಯಲ್ ಗಿಫರ್ಡ್ಸ್ ಸ್ವತಃ ಬಂದೂಕು ಇಟ್ಟುಕೊಂಡಿದ್ದವರು, ಆ ಹಕ್ಕನ್ನು ಬೆಂಬಲಿಸಿದ್ದವರು. 2011ರ ಜನವರಿಯಲ್ಲಿ ಜನರನ್ನು ಭೇಟಿಯಾಗುತ್ತಿದ್ದಾಗ ಅವರ ತಲೆಗೆ ಗುಂಡು ಹೊಡೆದರು. ಅಂದು 6 ಜನ ಸತ್ತರು. ಬದುಕುಳಿದ ಅವರು ಬಂದೂಕಿನ ಮೇಲೆ ಬಿಗಿ ನಿಯಂತ್ರಣ ಬೇಕೆಂದು ಇಂದಿಗೂ ದುಡಿಯುತ್ತಿದ್ದಾರೆ. ಇವರಿಬ್ಬರ ನೋವನ್ನೂ ನಾನು ಗೌರವಿಸುತ್ತೇನೆ. ಒಂದೇ ಬಗೆಯ ಘೋರ ಇಬ್ಬರಿಗೆ ಎದುರುಬದುರಾದ ಪಾಠ ಕಲಿಸಿತೆಂದ ಮೇಲೆ, ನೋವು ತೀವ್ರವಾಗಿದೆ ಎಂಬ ಕಾರಣಕ್ಕೇ ಅದು ಕಲಿಸಿದ ಪಾಠವೂ ಪೂರ್ಣವಾಗಿರುತ್ತದೆ ಎನ್ನಲಾಗದು. ನಿಮ್ಮಲ್ಲಿಯಂತೂ ಆ ಇಬ್ಬರೂ ಒಂದೇ ದೇಹದಲ್ಲಿದ್ದಾರೆ. ಹೊಸಬಳ ಮಾತು ಕೇಳಿ ಹಳಬಳನ್ನು ಹೊರಗೆ ಹಾಕಬೇಡಿ.

ಆ ರಾತ್ರಿಯನ್ನೇ ತಾಳ್ಮೆಯಿಂದ ಮತ್ತೊಮ್ಮೆ ನೋಡೋಣ. ಬಂದೂಕು ಮನೆಯಲ್ಲೇ ಇತ್ತು. ನಿಮ್ಮ ಮನಸ್ಸು ಇದರಿಂದ ತೆಗೆದುಕೊಂಡ ಅರ್ಥ, ಅದು ಮುದುಕರ ಬಳಿಯಿರದೆ ನನ್ನ ಬಳಿಯಿರಬೇಕಿತ್ತು ಎಂಬುದು. ಆದರೆ ಸುರಕ್ಷತೆಗಾಗಿ ಇಡಬೇಕಾದಂತೆ ಅದನ್ನು ಬೀಗದೊಳಗೆ, ಕಾಡತೂಸುಗಳನ್ನು ಬೇರೆಡೆ ಇಟ್ಟಿದ್ದರೆ, ಬಾಗಿಲು ಮುರಿದ ಸದ್ದಿಗೆ ಎದ್ದ ನೀವು ಕೀಲಿ ಹುಡುಕಿ, ತುಂಬಿ, ಕತ್ತಲಲ್ಲಿ ಗುರಿ ಹಿಡಿಯುವಷ್ಟರಲ್ಲಿ ಅವರು ಮಗನನ್ನು ಹಿಡಿದಾಗಿರುತ್ತಿತ್ತು. ಜೋಡುನಳಿಗೆಯಿಂದ ಹಾರುವ ಸಣ್ಣ ಗುಂಡುಗಳು ಹರಡಿಕೊಂಡು ಹೋಗುತ್ತವೆ. ಕುಡುಗೋಲು ಹಿಡಿದವನಿಗೂ ಕುತ್ತಿಗೆ ಒಡ್ಡಿದ ಹುಡುಗನಿಗೂ ನಡುವೆ ಗೇಣು ಅಂತರವಿಲ್ಲದಿರುವಾಗ ನೀವು ಬಂದೂಕಿನ ಕುದುರೆ ಎಳೆಯುತ್ತಿದ್ದಿರಾ? ಎಳೆಯುತ್ತಿರಲಿಲ್ಲ ಎಂದೇ ನನಗನ್ನಿಸುತ್ತದೆ. ಅಂಥ ಗಳಿಗೆಗೆ ಒದಗಬೇಕೆಂದರೆ ಬಂದೂಕು ಸದಾ ತುಂಬಿಕೊಂಡು ಹಾಸಿಗೆಯ ಪಕ್ಕದಲ್ಲೇ ಇರಬೇಕು. ಆಗ ಕಳ್ಳರು ಬಾರದ ಎಲ್ಲ ರಾತ್ರಿಗಳಲ್ಲಿಯೂ, ಎಲ್ಲ ಹಗಲುಗಳಲ್ಲಿಯೂ ಅದು ಹಾಗೆಯೇ ಅಲ್ಲಿರುತ್ತದೆ.

ಆ ಹಗಲುಗಳಲ್ಲಿ ಮನೆಯಲ್ಲಿ ನಿಮ್ಮ ಮಗನಿದ್ದಾನೆ. ಇದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ. ಕುತ್ತಿಗೆಗೆ ಕುಡುಗೋಲು ಹಿಡಿಸಿಕೊಂಡವನು ಅವನು. ಅವನ ಉತ್ಸಾಹದ ಬಗ್ಗೆ ಬರೆದಿದ್ದೀರಿ, ಅವನ ಭಯದ ಬಗ್ಗೆ ಒಂದು ಮಾತೂ ಬರೆದಿಲ್ಲ. ಅವಮಾನವನ್ನೂ ಸಿಟ್ಟನ್ನೂ ನುಂಗಿಕೊಂಡ ಹದಿಹರೆಯದವರು ಅದನ್ನು ಶಸ್ತ್ರದ ಮೋಹವಾಗಿ ತೋರಿಸುವುದುಂಟು. ಪಿಯುಸಿ ಎಂದರೆ ಪರೀಕ್ಷೆ, ಅಂಕ, ಸೋಲಿನ ಭೀತಿ ಎಲ್ಲವೂ ಒಟ್ಟಿಗೆ ಬರುವ ಕಾಲ. ಮನೆಯಲ್ಲಿ ಬಂದೂಕು ಇರುವ ಕಡೆ ಆತ್ಮಹತ್ಯೆಯಿಂದಾಗುವ ಸಾವಿನ ಅಪಾಯ ಹೆಚ್ಚೆಂಬುದನ್ನು ಅಮೆರಿಕದ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಹತಾಶೆ ಕೆಲವು ನಿಮಿಷಗಳದ್ದಾದರೂ ಗುಂಡು ಎರಡನೆಯ ಅವಕಾಶವನ್ನು ಕೊಡುವುದಿಲ್ಲ. ನಿಮ್ಮ ಮಗನಿಗೆ ಹಾಗಾಗುತ್ತದೆಂದು ಹೇಳುತ್ತಿಲ್ಲ. ಹಾಗಾಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿರುವಾಗ ಬಾಗಿಲು ತೆರೆದಿಡುವುದೇಕೆ ಎಂದು ಕೇಳುತ್ತಿದ್ದೇನೆ.

ನಿಮ್ಮ ನಿದ್ದೆಯ ವಿಷಯವನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಅದೇ ಮೊದಲು ನೋಡಬೇಕಾದ ಸಂಗತಿ. ವರ್ಷ ಕಳೆಯುತ್ತ ಬಂದರೂ ನಿದ್ದೆ ಬಾರದಿರುವುದು ಆಘಾತವಿನ್ನೂ ಮೈಯಲ್ಲಿ ಉಳಿದಿರುವುದರ ಲಕ್ಷಣವಾಗಿರಬಹುದು, ಮತ್ತು ಇದಕ್ಕೆ ಚಿಕಿತ್ಸೆಯಿದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ವಿಜಯಪುರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಹೆಚ್ಚಿನ ಚಿಕಿತ್ಸೆ ಬೇಕೆನಿಸಿದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಮಗನನ್ನೂ ಕರೆದುಕೊಂಡು ಹೋಗಿ. ಬಂದೂಕಿನ ಬಗ್ಗೆ ಏನೇ ತೀರ್ಮಾನಿಸುವುದಿದ್ದರೂ ನಿದ್ದೆ ಮರಳಿ ಬಂದ ಮೇಲೆ ತೀರ್ಮಾನಿಸಿ. ಲೈಸೆನ್ಸಿಗೆ ಅರ್ಜಿ ಹಾಕಿದರೂ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಮಾನಸಿಕ ಮತ್ತು ದೈಹಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರವನ್ನು ನೀವು ಕೊಡಲೇಬೇಕಾಗುತ್ತದೆ.

ಮಾವನವರಿಗೆ ಹಲಗಲಿಯ ಮೇಲಿರುವ ಅಭಿಮಾನ ನನಗೂ ಇದೆ. 1857ರಲ್ಲಿ ಮುಧೋಳ ಸೀಮೆಯ ಆ ಬೇಡರು ಬ್ರಿಟಿಷರ ನಿಃಶಸ್ತ್ರೀಕರಣದ ಕಾಯ್ದೆಗೆ ಎದುರು ನಿಂತರು. ಅವರ ಊರನ್ನು ಸುಟ್ಟರು, ಸೆರೆ ಸಿಕ್ಕವರನ್ನು ಗಲ್ಲಿಗೇರಿಸಿದರು. ಬೇಟೆ, ಕಾವಲುಗಳೇ ಬದುಕಾಗಿದ್ದ ಒಂದು ಸಮುದಾಯದ ಕೈಯಿಂದ ಪರರ ಸರ್ಕಾರವು ಹತಾರ ಕಿತ್ತುಕೊಳ್ಳಲು ಬಂದಾಗ ನಡೆದ ಹೋರಾಟವದು. ಆ ನೆನಪು ದೇಶದಲ್ಲಿ ಬಹುಕಾಲ ಉಳಿಯಿತು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ನಿರ್ಣಯದಲ್ಲಿ ನಿಯಮಗಳಿಗೊಳಪಟ್ಟು ಶಸ್ತ್ರ ಹೊಂದುವ ಹಕ್ಕಿನ ಮಾತೂ ಇತ್ತು. ಆದರೆ ಸಂವಿಧಾನ ಅದನ್ನು ಮೂಲಭೂತ ಹಕ್ಕಾಗಿ ಒಪ್ಪಲಿಲ್ಲ. ತೋಟದ ಮನೆಯಲ್ಲಿ, ಓದುವ ಹುಡುಗನ ಪಕ್ಕದಲ್ಲಿ ತುಂಬಿದ ಬಂದೂಕು ಇರಬೇಕೇ ಎಂಬ ನಿಮ್ಮ ಪ್ರಶ್ನೆಯನ್ನು ಹಲಗಲಿಯ ತ್ಯಾಗದಿಂದ ಬಿಡಿಸಲಾಗದು. ಹಿರಿಯರಿಗೆ ಇದನ್ನು ಗೌರವದಿಂದಲೇ ಹೇಳಿ. ಅವರ ಪಾಲಿಗೆ ಬಂದೂಕು ತಮ್ಮ ಯಜಮಾನಿಕೆಯ ಗುರುತೂ ಆಗಿರಬಹುದು, ಅಂದು ಏಳಲಾಗದ ನೋವು ಅವರನ್ನೂ ತಿನ್ನುತ್ತಿರಬಹುದು.

ಇಷ್ಟಾದ ಮೇಲೂ ನಿಮ್ಮ ಮನಸ್ಸು ಅತ್ತಲೇ ಎಳೆದರೆ, ಅದು ನಿಮ್ಮ ಹಕ್ಕಿನೊಳಗಿನ ತೀರ್ಮಾನ. 70 ದಾಟಿದ ಲೈಸೆನ್ಸುದಾರರು ತಾವು ಹೆಸರಿಸಿದ ವಾರಸುದಾರರಿಗೆ ಲೈಸೆನ್ಸ್ ಕೊಡುವಂತೆ ಕೇಳಲು ನಿಯಮದಲ್ಲಿ ಅವಕಾಶವಿದೆ. ಪೊಲೀಸ್ ವರದಿ ತರಿಸಿಕೊಂಡು ಜಿಲ್ಲಾಧಿಕಾರಿಗಳು ತೀರ್ಮಾನಿಸುತ್ತಾರೆ. ತರಬೇತಿ ಪಡೆಯದೆ ಮುಂದುವರಿಯಬೇಡಿ, ಲೈಸೆನ್ಸ್ ಕೈಗೆ ಬರುವವರೆಗೆ ಆ ಬಂದೂಕನ್ನು ಮುಟ್ಟಬೇಡಿ. ರಾತ್ರಿ ಮನೆ ಒಡೆದು ಬಂದವರ ವಿರುದ್ಧ ಭಾರತೀಯ ನ್ಯಾಯ ಸಂಹಿತೆ ವಿಸ್ತಾರವಾದ ಆತ್ಮರಕ್ಷಣೆಯ ಹಕ್ಕನ್ನು ಕೊಟ್ಟಿದೆ. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡಬಾರದೆಂಬ ಮಿತಿಯೂ ಅದರಲ್ಲೇ ಇದೆ. ಓಡಿಹೋಗುತ್ತಿರುವವನ ಬೆನ್ನಿಗೆ ಹೊಡೆದ ಗುಂಡು ನಿಮ್ಮನ್ನೇ ನ್ಯಾಯಾಲಯದಲ್ಲಿ ನಿಲ್ಲಿಸಬಹುದು.

ನಿಮ್ಮ ವಸ್ತಿಗೆ ಬೇಕಾದ ರಕ್ಷಣೆ ಬೇರೆಯೇ ಇದೆ ಎಂದು ನನ್ನ ನಂಬಿಕೆ. ಬಂಗಾರ ಬ್ಯಾಂಕಿನ ಲಾಕರಿಗೆ ಹೋಗಲಿ. ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಅಡ್ಡಪಟ್ಟಿ, ಅಂಗಳಕ್ಕೆ ಕರೆಂಟು ಹೋದರೂ ಉರಿಯುವ ಸೋಲಾರ್ ದೀಪ, ಬೊಗಳುವ ನಾಯಿ, ಅಕ್ಕಪಕ್ಕದ ವಸ್ತಿಯವರಿಗೆ ಕೇಳಿಸುವ ಸೈರನ್, ಎಲ್ಲರ ಫೋನಿನಲ್ಲಿ 112, ಪತಿ ಪರವೂರಿಗೆ ಹೋಗುವ ರಾತ್ರಿ ನಂಬಿಕೆಯ ಒಬ್ಬರು ಜೊತೆಗೆ. ಬೀಟ್ ಪೊಲೀಸರು ನಿಮ್ಮ ದಾರಿಯಲ್ಲೂ ಬರುವಂತೆ ಸುತ್ತಲಿನ ತೋಟದವರೆಲ್ಲ ಸೇರಿ ಠಾಣೆಗೆ ಮನವಿ ಕೊಡಿ. ನಿಮ್ಮ ಪತಿ ಬಂದೂಕು ಬೇಡವೆಂದರೆ ಸಾಲದು, ಈ ಕೆಲಸಗಳನ್ನು ಮುಂದೆ ನಿಂತು ಮಾಡಿಸಬೇಕು. ನಿಮ್ಮ ಭಯಕ್ಕೆ ಅವರು ಕೊಡಬೇಕಾದ ಉತ್ತರ ಅದೇ.

ಅವ್ವನ ಮನೆಗೆ ಈ ವಾರವೇ ಹೋಗಿ. ತಮ್ಮನನ್ನು ಗುಂಡಿಗೆ ಕಳೆದುಕೊಂಡ ಅವರಿಗೆ ನಿಮ್ಮ ತೀರ್ಮಾನವಷ್ಟೇ ಸುದ್ದಿಯಾಗಿ ತಲುಪಿದೆ; ಆ ರಾತ್ರಿ ಮೊಮ್ಮಗನಿಗೆ ಏನಾಯಿತೆಂಬುದನ್ನು ನೀವೇ ಎದುರು ಕುಳಿತು ಪೂರ್ತಿಯಾಗಿ ಹೇಳಿ, ಅವರು ಹೇಳುವುದನ್ನೂ ಪೂರ್ತಿಯಾಗಿ ಕೇಳಿ.

ಅದಕ್ಕೂ ಮೊದಲು ಮಾವನವರ ಲೈಸೆನ್ಸ್ ಪುಸ್ತಕ ತೆಗೆದು ನವೀಕರಣದ ದಿನಾಂಕ ನೋಡಿ. ಅವಧಿ ಮುಗಿದಿದ್ದರೆ ಬಂದೂಕನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧವಾಗುತ್ತದೆ. ಮುಗಿಯದಿದ್ದರೂ ನಿಮ್ಮ ತೀರ್ಮಾನ ಗಟ್ಟಿಯಾಗುವವರೆಗೆ ಅದನ್ನು ಪೊಲೀಸ್ ಠಾಣೆಯಲ್ಲಿ ಇಲ್ಲವೆ ಲೈಸೆನ್ಸ್ ಇರುವ ಶಸ್ತ್ರ ವ್ಯಾಪಾರಿಯ ಬಳಿ ಜಮಾ ಮಾಡಿಸಿ ರಸೀದಿ ಪಡೆಯಿರಿ. ಚುನಾವಣೆ ಬಂದಾಗಲೆಲ್ಲ ಜಮಾ ಮಾಡಿ ಅಭ್ಯಾಸವಿರುವ ಮಾವನವರಿಗೆ ಇದು ಅವಮಾನವೆನಿಸಲಾರದು.