ಫೈಬರ್ ಬಂತು, ಕೇಬಲ್ ತೆಗೆಸಲೇ?

ಮೂರು ತಿಂಗಳಿಂದ ಒಂದೇ ಪ್ರಶ್ನೆ ವೇಷ ಬದಲಿಸಿ ಬರುತ್ತಿದೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಇವತ್ತು ಬರೆಯಲು ಕೂತಿದ್ದೇನೆ. ಸ್ಮಾರ್ಟ್ ಟಿವಿ ಅಂದರೇನು, ವೈಫೈ ಅಂದರೇನು ಅಂತ ಶುರು ಮಾಡುವುದಿಲ್ಲ. ಅಷ್ಟು ನಿಮಗೆ ಗೊತ್ತಿದೆ.

ಪ್ರಶ್ನೆ: ಫೈಬರ್ ಹಾಕಿಸಿದರೆ ನೂರಾರು ಚಾನೆಲ್, ಹತ್ತಾರು ಓಟಿಟಿ ಎಲ್ಲಾ ಫ್ರೀ ಅಂತ ಏಜೆಂಟ್ ಹೇಳಿದ. ಕೇಬಲ್ ತೆಗೆಸಿಬಿಡಲಾ ಸರ್? (ಗೋಕಾಕ, ಅಥಣಿ ಮತ್ತು ಬೆಳಗಾವಿಯ ಅನಗೋಳದಿಂದ)

ಈಗಲೇ ತೆಗೆಸಬೇಡಿ. ಒಂದು ತಿಂಗಳು ಎರಡನ್ನೂ ಇಟ್ಟುಕೊಳ್ಳಿ. ಆಮೇಲೆ ನೋಡೋಣ.

ಮೊದಲು ಆ 'ಫ್ರೀ' ಅನ್ನುವ ಮಾತು. 599 ಅಂತ ಬೋರ್ಡಿನಲ್ಲಿ ಬರೆದಿದ್ದರೆ ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 706 ರೂಪಾಯಿ 82 ಪೈಸೆ ಆಗುತ್ತದೆ. ಆರು ತಿಂಗಳದ್ದು ಒಟ್ಟಿಗೆ ಕಟ್ಟಿ ಅಂದರೆ 4,240 ರೂಪಾಯಿ ದಾಟುತ್ತದೆ. ಓಟಿಟಿ ಇಲ್ಲದ ಪ್ಲಾನಿಗೂ ಓಟಿಟಿ ಇರುವ ಪ್ಲಾನಿಗೂ ಬೆಲೆಯಲ್ಲಿ ಎಷ್ಟು ಫರಕು ಇದೆ ನೋಡಿ. ನೀವು 'ಫ್ರೀ' ಓಟಿಟಿಗೆ ಕೊಡುತ್ತಿರುವ ದುಡ್ಡು ಅದರಲ್ಲೇ ಇದೆ.

ಎರಡನೆಯದು, ಓಟಿಟಿ ಇದೆ ಅಂದರೆ ಸಾಲದು. ಯಾವ ದರ್ಜೆಯದು ಅಂತ ಕೇಳಬೇಕು. ನೆಟ್‌ಫ್ಲಿಕ್ಸ್‌ನ ಬೇಸಿಕ್ ಪ್ಲಾನ್ ಒಂದು ಸಲಕ್ಕೆ ಒಂದೇ ಪರದೆಯಲ್ಲಿ ಓಡುತ್ತದೆ. ಮೊಬೈಲ್ ಪ್ಲಾನ್ ಟಿವಿಯಲ್ಲಿ ಓಡುವುದೇ ಇಲ್ಲ. ಬೇರೆ ಆ್ಯಪ್‌ಗಳಲ್ಲೂ ಹೀಗೇ ದರ್ಜೆಗಳಿವೆ. "ಟಿವಿಯಲ್ಲಿ ಬರುತ್ತದಾ, ಎಷ್ಟು ಪರದೆ, ಎಷ್ಟು ತಿಂಗಳು?" ಈ ಮೂರನ್ನು ಕೇಳಿ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ನಂಬಿ ಕೆಟ್ಟವರನ್ನು ನಾನು ಬಹಳ ನೋಡಿದ್ದೇನೆ.

ಮೂರನೆಯದನ್ನು ಏಜೆಂಟರು ಹೇಳುವುದಿಲ್ಲ, ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ. 'ಫೈಬರ್ ಜೊತೆ ಟಿವಿ' ಅಂತ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಾಮಾನು ಮಾರುತ್ತಾರೆ. ಒಂದು, ಸೆಟ್‌ಟಾಪ್ ಬಾಕ್ಸಿನೊಳಗಿನ ಆ್ಯಪ್. ಚಾನೆಲ್ ನಿಮ್ಮ ಇಂಟರ್‌ನೆಟ್ ಮೇಲೆಯೇ ಬರುತ್ತದೆ. ಎರಡು, ಐಪಿಟಿವಿ. ತಂತಿ ಅದೇ, ಆದರೆ ಟಿವಿಗೆ ಕಂಪನಿ ಅದರಲ್ಲೇ ಬೇರೆ ದಾರಿ ಬಿಟ್ಟಿರುತ್ತದೆ. ಹಾಗಾಗಿ ಮಗ ದೊಡ್ಡ ಫೈಲ್ ಇಳಿಸಿಕೊಳ್ಳುತ್ತಿದ್ದರೂ ಅಮ್ಮನ ಧಾರಾವಾಹಿ ನಿಲ್ಲುವುದಿಲ್ಲ. ಬಿಎಸ್‌ಎನ್‌ಎಲ್ ಇಂಥದ್ದನ್ನು 2024ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶ, ತಮಿಳುನಾಡಿನಲ್ಲಿ ಶುರು ಮಾಡಿತು. ಏರ್‌ಟೆಲ್ 2025ರ ಮಾರ್ಚ್‌ನಲ್ಲಿ ತಂದಿತು. ಮೂರು, ಮನೆ ಮೇಲೆ ಡಿಶ್ಶೇ ಇರುತ್ತದೆ, ಬಿಲ್ಲು ಮಾತ್ರ ಬ್ರಾಡ್‌ಬ್ಯಾಂಡ್ ಜೊತೆ ಒಂದಾಗಿರುತ್ತದೆ. ನಿಮಗೆ ಕೊಡುತ್ತಿರುವುದು ಯಾವುದು ಅಂತ ಕೇಳದೆ ಸಹಿ ಹಾಕಬೇಡಿ.

ಹೋದ ಮಳೆಗಾಲದಲ್ಲಿ ವಡಗಾವಿಯ ಒಂದು ಮನೆಗೆ ಹೋಗಿದ್ದೆ. ಕೆಳಗೆ ಮಗ್ಗ, ಮೇಲೆ ಮನೆ. ಮಗ ನೆಟ್, ಟಿವಿ, ಓಟಿಟಿ ಎಲ್ಲಾ ಒಟ್ಟಿಗಿರುವ ಬಂಡಲ್ ಹಾಕಿಸಿ, ಅದೇ ದಿನ ಕೇಬಲ್ ತೆಗೆಸಿದ್ದ. ಆ ಮನೆಯಲ್ಲಿ ಅಜ್ಜಿ ಕನ್ನಡ ಧಾರಾವಾಹಿ ನೋಡುತ್ತಾರೆ, ಸೊಸೆ ಮರಾಠಿಯದು. ಪ್ಯಾಕಿನಲ್ಲಿ ಕನ್ನಡ ಇತ್ತು. ಸೊಸೆ ನೋಡುವ ಎರಡು ಮರಾಠಿ ಚಾನೆಲ್ ಇರಲಿಲ್ಲ. ಅದರ ಮೇಲೆ ಸಂಜೆ ಆದರೆ ಸಾಕು, ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಮೋಡೆಮ್ ಡಬ್ಬಿಯಲ್ಲಿ ಎಲ್ಓಎಸ್ ದೀಪ, ಅಂದರೆ ಸಿಗ್ನಲ್ ಸರಿಯಾಗಿ ಬರುತ್ತಿಲ್ಲ ಅನ್ನುವ ದೀಪ, ಕೆಂಪಗೆ ಮಿಣುಕುತ್ತಿತ್ತು. ತಂತಿ ಹಿಡಿದುಕೊಂಡು ಹೋದೆ. ಹಳದಿ ಫೈಬರ್ ತಿಜೋರಿಯ ಕಾಲಿನ ಕೆಳಗೆ ಸಿಕ್ಕಿ ಮಡಿಚಿಹೋಗಿತ್ತು. ತಂತಿಯಲ್ಲಿ ಬರುವ ಬೆಳಕು ಅಳೆಯುವ ಮೀಟರ್ ಇಟ್ಟೆ, ಮೈನಸ್ 29 ತೋರಿಸಿತು, ಅಂದರೆ ಬೆಳಕು ತೀರಾ ಮಂಕು. ಇಬ್ಬರು ಸೇರಿ ತಿಜೋರಿ ಎತ್ತಿ, ತಂತಿ ಬದಲಿಸಿ, ಗೋಡೆಗುಂಟ ದೊಡ್ಡ ತಿರುವು ಕೊಟ್ಟು ಎಳೆದ ಮೇಲೆ ಮೈನಸ್ 19ಕ್ಕೆ ಬಂತು. ಚಿತ್ರ ಸರಿಯಾಯಿತು. ಫೈಬರ್ ಒಳಗೆ ಇರುವುದು ಗಾಜು. ವಿದ್ಯುತ್ ವೈರಿನಂತೆ ಮಡಿಚಿ ಮೊಳೆ ಹೊಡೆದರೆ ಬೆಳಕು ಮುಂದೆ ಹೋಗುವುದಿಲ್ಲ.

ಚಿತ್ರ ಸರಿಯಾಯಿತು, ಮರಾಠಿ ಚಾನೆಲ್ ಮಾತ್ರ ಬರಲಿಲ್ಲ. ಅದು ತಂತಿಯ ದೋಷ ಅಲ್ಲವಲ್ಲ. ಕೇಬಲ್ಲಿನಲ್ಲಿ ಬೇಕಾದ ಚಾನೆಲ್ ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಅವಕಾಶ ಟ್ರಾಯ್ (ಟೆಲಿಕಾಂ, ಟಿವಿ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ) ನಿಯಮದಿಂದ 2019ರಿಂದ ಇದೆ. ಆ್ಯಪಿನಲ್ಲಿ ಬರುವ ಲೈವ್ ಟಿವಿಯಲ್ಲಿ ಸಾಮಾನ್ಯವಾಗಿ ಕಂಪನಿ ಕಟ್ಟಿಕೊಟ್ಟ ಗಂಟೇ ಗಟ್ಟಿ. ನಮ್ಮ ಗಡಿಭಾಗದ ಮನೆಗಳಲ್ಲಿ ಎರಡು ಭಾಷೆ ನಡೆಯುತ್ತದೆ. ಆದ್ದರಿಂದ ಒಂದು ಹಾಳೆ ತಗೊಂಡು ಮನೆಯ ಪ್ರತಿಯೊಬ್ಬರೂ ವಾರದಲ್ಲಿ ನಿಜವಾಗಿ ನೋಡುವ ಚಾನೆಲ್ ಬರೆಯಿರಿ. ಹನ್ನೆರಡು, ಹದಿನೈದು ದಾಟುವುದಿಲ್ಲ. ಆ ಹಾಳೆಯನ್ನೇ ಏಜೆಂಟನ ಮುಂದೆ ಇಡಿ. ನೂರಾರು ಚಾನೆಲ್ಲಿನ ಲೆಕ್ಕ ನಿಮಗೆ ಬೇಡ.

ಕರೆಂಟಿನ ಮಾತು. ಗಾಳಿ ಮಳೆಗೆ ಹೆಸ್ಕಾಂ ಲೈನ್ ಹೋಯಿತು ಅಂದುಕೊಳ್ಳಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಡಿಶ್ ಟಿವಿ ನಡೆಯುತ್ತದೆ, ಮಳೆ ಜೋರಾಗಿದ್ದಾಗ ಮಾತ್ರ ಅದರ ಸಿಗ್ನಲ್ ಹೋಗುತ್ತದೆ. ಫೈಬರ್ ಹಾಗಲ್ಲ. ನಿಮ್ಮ ಮೋಡೆಮ್‌ಗೂ ಕರೆಂಟ್ ಬೇಕು, ಬಡಾವಣೆಯಲ್ಲಿ ಕಂಪನಿ ಇಟ್ಟ ಪೆಟ್ಟಿಗೆಯ ಬ್ಯಾಟರಿಗೂ ಜೀವ ಇರಬೇಕು. ಮೋಡೆಮ್ಮಿನ ಪ್ಲಗ್ಗನ್ನು ಇನ್ವರ್ಟರ್ ಪಾಯಿಂಟಿಗೆ ಹಾಕಿ. ಇನ್ವರ್ಟರ್ ಇಲ್ಲದವರು ಮೋಡೆಮ್ಮಿಗೆ ಒಂದು ಸಣ್ಣ ಯುಪಿಎಸ್ ತಗೊಳ್ಳಿ, ಫೋನಿಗಾದರೂ ನೆಟ್ ಉಳಿಯುತ್ತದೆ. ಕಂಪನಿಯ ಪೆಟ್ಟಿಗೆ ನಮ್ಮ ಕೈಯಲ್ಲಿಲ್ಲ. ಪಕ್ಕದ ಮನೆಯಲ್ಲಿ ಯಾವ ಕಂಪನಿ ಇದೆ, ಮಳೆಗಾಲದಲ್ಲಿ ಎಷ್ಟು ದಿನ ಹೋಗಿತ್ತು ಅಂತ ವಿಚಾರಿಸಿ. ಅದಕ್ಕಿಂತ ಒಳ್ಳೆಯ ಮಾಹಿತಿ ಎಲ್ಲೂ ಸಿಗುವುದಿಲ್ಲ.

ಇನ್ನು 'ಅನ್‌ಲಿಮಿಟೆಡ್'. ಅದಕ್ಕೂ ಮಿತಿ ಇದೆ. ಫೈಬರ್ ಪ್ಲಾನುಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೆ 3,300 ಜಿಬಿ, ಆಂಟೆನಾ ಹಾಕಿ ಕೊಡುವ ಏರ್‌ಫೈಬರಿನಲ್ಲಿ 1,000 ಜಿಬಿ. ಅದು ಮುಗಿದರೆ ವೇಗ ಬಿದ್ದುಹೋಗುತ್ತದೆ. ಎಚ್‌ಡಿ ವಿಡಿಯೊ ಗಂಟೆಗೆ 3 ಜಿಬಿವರೆಗೆ ತಿನ್ನುತ್ತದೆ. ಹಾಗಾದರೆ 1,000 ಜಿಬಿ ಅಂದರೆ ದಿನಕ್ಕೆ ಸುಮಾರು ಹನ್ನೊಂದು ಗಂಟೆ, ಅದೂ ಒಂದೇ ಟಿವಿ. ಬೆಳಿಗ್ಗೆ ಭಕ್ತಿಗೀತೆಯಿಂದ ರಾತ್ರಿ ವಾರ್ತೆವರೆಗೆ ಟಿವಿ ಆರಿಸದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಅಂಥವರಿಗೆ ತಿಂಗಳ ಕೊನೆಯ ವಾರ ತೊಂದರೆ ಬಂದೇ ಬರುತ್ತದೆ. ಫೈಬರ್ ತಂತಿ ಇರುವವರು ಈ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಒಂದು ತಿಂಗಳಲ್ಲಿ ಚಾನೆಲ್ ಹಾಳೆ ಪೂರ್ತಿ ಆಯಿತು, ಸಂಜೆ ಚಿತ್ರ ಒಡೆಯಲಿಲ್ಲ, ಮನೆಯವರು ಗೊಣಗಲಿಲ್ಲ ಅಂದರೆ ಧಾರಾಳವಾಗಿ ಕೇಬಲ್ ತೆಗೆಸಿ. ಮೊದಲನೆಯ ಸಲ ಆರು ತಿಂಗಳಿಗೆ ದುಡ್ಡು ಕಟ್ಟಬೇಡಿ. ಪ್ರತಿ ತಿಂಗಳು ಕಟ್ಟುವ ಪ್ಲಾನ್ ಸ್ವಲ್ಪ ಜಾಸ್ತಿ ಬಿದ್ದರೂ ಪರವಾಗಿಲ್ಲ. ನಾನೇ ಒಂದು ಕಂಪನಿಗೆ ವರ್ಷದ್ದು ಕಟ್ಟಿ, ಎರಡನೇ ತಿಂಗಳಿಗೆ ಲೈನ್ ಸತ್ತು, ಉಳಿದ ದುಡ್ಡಿಗಾಗಿ ಐದು ತಿಂಗಳು ಅಲೆದಿದ್ದೇನೆ. ನಿಮಗೆ ಆ ಗತಿ ಬೇಡ.

ಪ್ರಶ್ನೆ: 100 ಎಂಬಿಪಿಎಸ್ ಇದೆ, ಆದರೂ ಟಿವಿಯಲ್ಲಿ ಚಕ್ರ ತಿರುಗುತ್ತದೆ. ಪ್ಲಾನ್ ಏರಿಸಲಾ? (ಬೆಳಗಾವಿ, ಶಹಾಪುರ)

ಬೇಡ. ಎಚ್‌ಡಿಗೆ 5 ಎಂಬಿಪಿಎಸ್ ಸಾಕು, 4ಕೆಗೆ 15. ನಿಮ್ಮದು ಹಳೆಯ ಕಲ್ಲು ಗೋಡೆಯ ಮನೆ, ರೂಟರ್ ಪಡಸಾಲೆಯ ಶೋಕೇಸಿನಲ್ಲಿ, ಟಿವಿ ಒಳಕೋಣೆಯಲ್ಲಿ ಅಂತ ನೀವೇ ಬರೆದಿದ್ದೀರಿ. ಆ ಗೋಡೆ ದಾಟುವಷ್ಟರಲ್ಲಿ ವೈಫೈ ಸೊರಗುತ್ತದೆ. ರೂಟರ್‌ನಿಂದ ಟಿವಿಗೆ ಒಂದು ಲ್ಯಾನ್ ಕೇಬಲ್ ಎಳೆಸಿ. ಖರ್ಚು ಒಂದೇ ಸಲ, ಅಲ್ವಾ?

ಪ್ರಶ್ನೆ: ಗೋಡೆಯ ಪ್ಲಗ್ಗಿಗೆ ಚುಚ್ಚುವ ಡಬ್ಬಿಯಿಂದ ನೆಟ್ ವೇಗ ಎರಡು ಪಟ್ಟಾಗುತ್ತದಂತೆ, ಹೌದಾ? (ಚಿಕ್ಕೋಡಿ)

ಇಲ್ಲ. ಮನೆಗೆ ಬರುವ ವೇಗವನ್ನು ಯಾವ ಡಬ್ಬಿಯೂ ಹೆಚ್ಚಿಸುವುದಿಲ್ಲ.

ಪ್ರಶ್ನೆ: ಅಂಗಡಿಯಲ್ಲಿ ಒಂದು ಆಂಡ್ರಾಯ್ಡ್ ಬಾಕ್ಸ್ ಸಿಗುತ್ತದೆ. ಎಲ್ಲಾ ಚಾನೆಲ್, ಎಲ್ಲಾ ಓಟಿಟಿ ಜೀವನಪರ್ಯಂತ ಫ್ರೀ ಅಂತ. ತರಬಹುದಾ? (ನಿಪ್ಪಾಣಿ)

ತರಬೇಡಿ. ಅದು ಕದ್ದ ಮಾಲು. ಅದರಲ್ಲಿ ಕದ್ದುಬರುವ ಚಾನೆಲ್ ಯಾವ ದಿನ ಬೇಕಾದರೂ ನಿಲ್ಲುತ್ತದೆ, ಆಗ ಅಂಗಡಿಯವನು ಗುರುತೇ ಹಿಡಿಯುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಇಂಥ ಅಗ್ಗದ ಬಾಕ್ಸುಗಳಲ್ಲಿ ಕಾರ್ಖಾನೆಯಿಂದಲೇ ಮಾಲ್‌ವೇರ್ ತುಂಬಿ ಬಂದದ್ದು ಪತ್ತೆಯಾಗಿದೆ. ನೀವು ಬ್ಯಾಂಕ್ ಆ್ಯಪ್ ಬಳಸುವ ವೈಫೈಗೇ ಅದನ್ನು ಸೇರಿಸುತ್ತೀರಿ. ಮಾರುವವರು ನಿಮ್ಮ ಹಿತ ನೋಡುತ್ತಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬರುವ 'ಫ್ರೀ ಟಿವಿ' ಎಪಿಕೆ ಫೈಲಿಗೂ (ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಹಾಕಿಕೊಳ್ಳುವ ಆ್ಯಪ್) ಇದೇ ಉತ್ತರ. ದಯವಿಟ್ಟು ಇದನ್ನು ಮತ್ತೆ ಕೇಳಬೇಡಿ.

ಪ್ರಶ್ನೆ: ಕಂಪನಿಯವರು ದೂರು ತಗೊಳ್ಳುತ್ತಿಲ್ಲ. ಟ್ರಾಯ್‌ಗೆ ಬರೆಯಲಾ? (ಬೈಲಹೊಂಗಲ)

ಟ್ರಾಯ್ ಒಬ್ಬೊಬ್ಬರ ದೂರು ನೋಡುವುದಿಲ್ಲ. ಕಸ್ಟಮರ್ ಕೇರ್‌ನಿಂದ ದೂರಿನ ನಂಬರ್ ಪಡೆಯಿರಿ. ಅಲ್ಲಿ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ. ಅಲ್ಲೂ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಂಬರ್ ಇಲ್ಲದೆ ಸುಮ್ನೆ ಜಗಳಾಡಿದರೆ ಏನೂ ಆಗುವುದಿಲ್ಲ.

ಪ್ರಶ್ನೆ: ಹಳ್ಳಿಯಲ್ಲಿ ಅಪ್ಪ ಒಬ್ಬರೇ ಇದ್ದಾರೆ. ಹೊಸ ರಿಮೋಟ್ ಅವರಿಗೆ ಬರುತ್ತಿಲ್ಲ, ಆ್ಯಪ್ ತೆರೆಯಲು ದಿನಾ ಫೋನ್ ಮಾಡುತ್ತಾರೆ. ಏನು ಮಾಡಲಿ? (ಸವದತ್ತಿ)

ಬಂಡಲ್ ನಿಮ್ಮ ಅನುಕೂಲಕ್ಕೆ ಹಾಕಿಸಿದ್ದೀರಿ, ಅವರ ಅನುಕೂಲಕ್ಕಲ್ಲ. ಡಿಡಿ ಫ್ರೀ ಡಿಶ್ ಹಾಕಿಸಿ. ಡಿಶ್ ಮತ್ತು ಬಾಕ್ಸಿಗೆ ಒಂದು ಸಲ ದುಡ್ಡು, ತಿಂಗಳ ಬಾಡಿಗೆ ಇಲ್ಲ. ಚಂದನ ಬರುತ್ತದೆ. ಅವರು ನೋಡುವ ನಾಲ್ಕು ಚಾನೆಲ್ಲಿನ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಟಿವಿ ಪಕ್ಕ ಅಂಟಿಸಿ. ಮುಂದಿನ ಸಲ ಊರಿಗೆ ಹೋದಾಗ ಒಂದು ದಿನ ಜೊತೆಗೆ ಕೂತು, ಆ ನಂಬರ್ ಒತ್ತಿಸಿ ರೂಢಿ ಮಾಡಿಸಿ ಬನ್ನಿ.