ಓದುಗರ ಪ್ರಶ್ನೆ: ಡೊಮೇನ್ ಕೊಂಡಿಟ್ಟರೆ ದುಡ್ಡಾಗುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಡೊಮೇನ್ ಹೆಸರುಗಳ, ಅಂದರೆ ವೆಬ್‌ಸೈಟ್ ವಿಳಾಸಗಳ ಬಗ್ಗೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ. ಬೆಲೆಗಳನ್ನು ಡಾಲರ್‌ನಲ್ಲೇ ಕೊಟ್ಟಿದ್ದೇನೆ, ಯಾಕೆಂದರೆ ಈ ವ್ಯಾಪಾರ ಹೆಚ್ಚಾಗಿ ನಡೆಯುವುದು ಡಾಲರ್ ಲೆಕ್ಕದಲ್ಲೇ.

ಪ್ರಶ್ನೆ: ಹತ್ತು ಡಾಲರ್‌ಗೆ ಡೊಮೇನ್ ಕೊಂಡು ಲಕ್ಷಗಟ್ಟಲೆ ಡಾಲರ್‌ಗೆ ಮಾರಿದವರ ವಿಡಿಯೊಗಳನ್ನು ನೋಡ್ತಾನೇ ಇರ್ತೀನಿ. ಇದು ನಿಜವಾ? ನಾನು ವಿದ್ಯಾರ್ಥಿ, ಕೈಯಲ್ಲಿ ಇರೋದು ಸ್ವಲ್ಪ ದುಡ್ಡು. ಶುರು ಮಾಡಬಹುದಾ?

ಉತ್ತರ: ಮಾರಿದವರು ಇದ್ದಾರೆ, ಅದು ನಿಜ. ಬಿಸಿನೆಸ್ ಡಾಟ್ ಕಾಮ್ 1997ರಲ್ಲಿ 1,50,000 ಡಾಲರ್‌ಗೆ ಮಾರಾಟವಾಯಿತು. ಎರಡೇ ವರ್ಷದಲ್ಲಿ, 1999ರಲ್ಲಿ, ಅದೇ ಹೆಸರು 75 ಲಕ್ಷ ಡಾಲರ್‌ಗೆ ಹೋಯಿತು. ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರ್‌ಗೆ ಕೈ ಬದಲಾಯಿತು. ಆದರೆ ಇವು ಯಾವಾಗ ನೋಂದಣಿಯಾದ ಹೆಸರುಗಳು ಅನ್ನೋದನ್ನು ಆ ವಿಡಿಯೊಗಳು ಹೇಳುವುದಿಲ್ಲ. ಮೊದಲ ಡಾಟ್ ಕಾಮ್ ಹೆಸರು ನೋಂದಣಿಯಾದದ್ದು 1985ರ ಮಾರ್ಚ್‌ನಲ್ಲಿ. 1995ರವರೆಗೂ ಹೆಸರು ಪುಕ್ಕಟೆಯಾಗಿ ಸಿಗುತ್ತಿತ್ತು, ಆಮೇಲಷ್ಟೇ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ಬಂತು. ಒಂದೇ ಪದದ ಒಳ್ಳೆಯ ಇಂಗ್ಲಿಷ್ ಹೆಸರುಗಳೆಲ್ಲ ಆ ಕಾಲದಲ್ಲೇ ಖಾಲಿಯಾದವು. ಮೂರಕ್ಷರದ ಡಾಟ್ ಕಾಮ್‌ಗಳು ಒಟ್ಟು 17,576. ನಾಲ್ಕಕ್ಷರದವು 4,56,976. ಅರ್ಥವೇ ಇಲ್ಲದ ಅಕ್ಷರ ಜೋಡಣೆಗಳೂ ಸೇರಿ ಅಷ್ಟೂ ಯಾವಾಗಲೋ ಯಾರದೋ ಪಾಲಾಗಿವೆ.

ಹಾಗಾದರೆ ಈಗ ಬರುವವರಿಗೆ ಏನೂ ಉಳಿದಿಲ್ಲವಾ? ಉಳಿದಿದೆ, ಆದರೆ ಲೆಕ್ಕ ಬೇರೆ. ನಿಮ್ಮ ಹತ್ತಿರ 100 ಹೆಸರು ಇವೆ ಅಂದುಕೊಳ್ಳಿ. ಒಂದೊಂದರ ನವೀಕರಣಕ್ಕೆ ವರ್ಷಕ್ಕೆ ಸುಮಾರು 10 ಡಾಲರ್ ಅಂದರೂ 1,000 ಡಾಲರ್ ಆಯಿತು. ವರ್ಷಕ್ಕೆ ನೂರರಲ್ಲಿ ಒಂದೋ ಎರಡೋ ಹೆಸರು ಮಾರಾಟವಾದರೆ ಸರಿಯಾಗಿ ನಡೀತಿದೆ ಅಂತಲೇ ಈ ವ್ಯಾಪಾರದಲ್ಲಿ ಇರುವವರು ಲೆಕ್ಕ ಹಾಕುತ್ತಾರೆ. ಒಂದು ಹೆಸರು 1,500 ಡಾಲರ್‌ಗೆ ಹೋಯಿತು, ಮಾರಾಟದ ತಾಣ ಶೇ 20 ಕಮಿಷನ್ ಹಿಡಿಯಿತು, ಕೈಗೆ ಬಂದದ್ದು 1,200. ನವೀಕರಣದ ಸಾವಿರ ಕಳೆದರೆ ವರ್ಷವಿಡೀ ಕಾದದ್ದಕ್ಕೆ ಉಳಿದದ್ದು 200 ಡಾಲರ್, ಅದೂ ಹೆಸರುಗಳನ್ನು ಕೊಂಡ ಅಸಲನ್ನು ಲೆಕ್ಕಕ್ಕೆ ಹಿಡಿಯದೆ! ಒಂದೂ ಮಾರಾಟವಾಗದಿದ್ದರೆ ಆ ವರ್ಷದ ಸಾವಿರ ಡಾಲರ್ ಪೂರ್ತಿ ಕೈಯಿಂದಲೇ.

ದೊಡ್ಡ ಬೆಲೆ ಕೊಡುವವರು ಯಾರು ಅನ್ನೋದನ್ನೂ ನೋಡಿ. ಫೇಸ್‌ಬುಕ್ 2010ರಲ್ಲಿ ಎಫ್‌ಬಿ ಡಾಟ್ ಕಾಮ್‌ಗೆ 85 ಲಕ್ಷ ಡಾಲರ್ ಕೊಟ್ಟಿತು. ಆ ಹೆಸರು ಇದ್ದದ್ದು ಅಮೆರಿಕದ ರೈತರ ಒಕ್ಕೂಟ ಒಂದರ ಬಳಿ. ಫಾರ್ಮ್ ಬ್ಯೂರೋ ಅನ್ನುವುದರ ಮೊದಲಕ್ಷರಗಳು ಅಂತ ಅವರು ಇಟ್ಟುಕೊಂಡಿದ್ದರು, ಅಷ್ಟೇ. ಬೆಲೆ ಏರಿದ್ದು ಆ ಎರಡಕ್ಷರವೇ ಬೇಕು ಅನ್ನುವ ಒಬ್ಬ ಗಿರಾಕಿ ಬಂದಾಗ. ನೀವು ಕಾಯುವುದೂ ಅಂಥ ಒಬ್ಬನಿಗೇ. ಅವನು ನಾಳೆ ಬರಬಹುದು, ಬರದೇ ಇರಬಹುದು, ಅಲ್ಲಿಯವರೆಗೆ ಪ್ರತಿ ವರ್ಷದ ಬಿಲ್ ಮಾತ್ರ ತಪ್ಪದೆ ಬರುತ್ತದೆ. ಹಾಗಾಗಿ ಫೀಸಿನ ದುಡ್ಡು, ಸಾಲದ ದುಡ್ಡು ಇದಕ್ಕೆ ಹಾಕಬೇಡಿ. ಹೋದರೂ ಪರವಾಗಿಲ್ಲ ಅನ್ನುವಷ್ಟು ಹಣದಲ್ಲಿ ನಾಲ್ಕೈದು ಹೆಸರು ಕೊಂಡು, ಮೊದಲ ಕೆಲವು ತಿಂಗಳು ಬರೀ ಹಿಂದಿನ ಮಾರಾಟಗಳನ್ನು ಓದಿ. ನೇಮ್‌ಬಯೋ ಎನ್ನುವ ತಾಣದಲ್ಲಿ ಯಾವ ಹೆಸರು ಯಾವ ದಿನ ಎಷ್ಟಕ್ಕೆ ಹೋಯಿತು ಅನ್ನುವ ದಾಖಲೆ ಸಿಗುತ್ತದೆ. ಕೋಟಿಯ ಮಾರಾಟಗಳನ್ನು ಬಿಟ್ಟು ನೂರು, ಇನ್ನೂರು, ಸಾವಿರ ಡಾಲರ್‌ಗಳ ಪಟ್ಟಿ ಓದಿ. ಕಲಿಯುವುದಕ್ಕೆ ಇರುವುದೆಲ್ಲ ಅಲ್ಲೇ.

ಪ್ರಶ್ನೆ: ಹುಮ್ಮಸ್ಸಿನಲ್ಲಿ ಒಂದೇ ವಾರದಲ್ಲಿ ನಲವತ್ತು ಹೆಸರು ಕೊಂಡೆ. ಕೆಲವು ಡಾಟ್ ಕಾಮ್, ಉಳಿದವು ಹೊಸ ಹೊಸ ಎಕ್ಸ್‌ಟೆನ್ಶನ್‌ಗಳು (ಡಾಟ್ ಕಾಮ್ ಬದಲು ಹೆಸರಿನ ಕೊನೆಗೆ ಬರುವ ಬಾಲಗಳು), ಮೊದಲ ವರ್ಷ ಒಂದೆರಡು ಡಾಲರ್‌ಗೆ ಸಿಕ್ಕಿದ್ದವು. ಈಗ ನವೀಕರಣದ ಮೇಲ್ ಬರ್ತಿವೆ, ಮೊತ್ತ ನೋಡಿ ಎದೆ ಧಸಕ್ಕೆಂದಿತು. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಉತ್ತರ: ಮೊದಲು ಆಟೋ ರಿನ್ಯೂವಲ್ ಆಫ್ ಮಾಡಿ, ಇವತ್ತೇ. ಆಮೇಲೆ ನಲವತ್ತನ್ನೂ ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಮುಂದಿನ ನವೀಕರಣ ಬೆಲೆ ಬರೆಯಿರಿ. ಹೊಸ ಎಕ್ಸ್‌ಟೆನ್ಶನ್‌ಗಳಲ್ಲಿ ಮೊದಲ ವರ್ಷದ ಬೆಲೆ ಒಂದು, ಎರಡನೇ ವರ್ಷದ್ದು ಇನ್ನೊಂದು. ಕೆಲವು ಹೆಸರುಗಳಿಗೆ 'ಪ್ರೀಮಿಯಂ' ಅಂತ ಹಣೆಪಟ್ಟಿ ಹಚ್ಚಿರುತ್ತಾರೆ, ಅವುಗಳಲ್ಲಿ ಎಷ್ಟೋ ಹೆಸರುಗಳಿಗೆ ಪ್ರತಿ ವರ್ಷವೂ ನೂರಾರು ಡಾಲರ್ ಕಟ್ಟಬೇಕು. ಮೂಗಿಗಿಂತ ಮೂಗುತಿ ಭಾರ. ಅಂಥವನ್ನು ಎರಡನೇ ಯೋಚನೆ ಇಲ್ಲದೆ ಬಿಡಿ.

ಉಳಿದವಕ್ಕೆ ಒಂದು ಪರೀಕ್ಷೆ. ಹೆಸರನ್ನು ಫೋನ್‌ನಲ್ಲಿ ಯಾರಿಗಾದರೂ ಒಮ್ಮೆ ಹೇಳಿ, ಅವರಿಂದಲೇ ಬರೆಸಿ ನೋಡಿ. 'ಮಧ್ಯೆ ಒಂದು ಗೆರೆ ಇದೆ', 'ಫಾರ್ ಅಂದರೆ ನಾಲ್ಕು ಅಂಕೆ', 'ಕೊನೆಯಲ್ಲಿ ಎರಡು ಝಡ್' ಅಂತ ವಿವರಿಸಬೇಕಾಯಿತಾ? ಆ ಹೆಸರು ಬೇಡ. ಬರೆಸಿದ ಹಾಗೇ ಬಂತಾ? ಈಗ ಮುಂದಿನ ಪ್ರಶ್ನೆ: ಇದನ್ನು ಕೊಳ್ಳಬಹುದಾದ ಹತ್ತು ವ್ಯಾಪಾರಗಳನ್ನು ನೀವು ಹೆಸರಿಸಬಲ್ಲಿರಾ? 'ಯಾರಾದರೂ ಸ್ಟಾರ್ಟಪ್‌ನವರು ತಗೋತಾರೆ' ಅನ್ನುವುದು ಉತ್ತರ ಅಲ್ಲ. ಅದೇ ಹೆಸರನ್ನು ಬೇರೆ ಎಕ್ಸ್‌ಟೆನ್ಶನ್‌ನಲ್ಲಿಯೋ, ಮುಂದೆ 'ಗೆಟ್' ಅಥವಾ 'ದ' ಸೇರಿಸಿಯೋ ಬಳಸುತ್ತಿರುವ ಕಂಪನಿಗಳು ಎಷ್ಟಿವೆ ಹುಡುಕಿ. ಉದಾಹರಣೆಗೆ ಸೌರ ವಿದ್ಯುತ್ ಫಲಕ ಅಳವಡಿಸುವವರಿಗೆ ಹೊಂದುವ, ಎರಡು ಸಲೀಸಾದ ಪದಗಳ ಡಾಟ್ ಕಾಮ್ ನಿಮ್ಮಲ್ಲಿ ಇದ್ದು, ಅದೇ ಎರಡು ಪದ ಹಚ್ಚಿಕೊಂಡ ಆರೆಂಟು ಕಂಪನಿಗಳು ಉದ್ದುದ್ದ ವಿಳಾಸಗಳಲ್ಲಿ ಕಷ್ಟಪಡುತ್ತಿದ್ದರೆ, ಆ ಹೆಸರಿಗೆ ಜೀವ ಇದೆ. ಅದನ್ನು ಇಟ್ಟುಕೊಳ್ಳಿ, ಎರಡು ಮೂರು ವರ್ಷ ಕಾಯಿರಿ. ಯಾವ ಕಂಪನಿಯೂ ಬಳಸದ, ನಿಮಗೆ ಮಾತ್ರ ಚೆಂದ ಕಂಡ ಹೆಸರಾದರೆ ಅದರ ಮೇಲಿನ ಪ್ರೀತಿಗೆ ಪ್ರತಿ ವರ್ಷ ದುಡ್ಡು ಕಟ್ಟುವುದು ಬೇಡ.

ಈ ಸೋಸುವಿಕೆ ಮುಗಿದಾಗ ನಲವತ್ತರಲ್ಲಿ ಐದೋ ಆರೋ ಉಳಿದರೆ ಬೇಜಾರಾಗಬೇಡಿ. ವರ್ಷಗಟ್ಟಲೆ ಈ ವ್ಯಾಪಾರ ಮಾಡಿಕೊಂಡು ಬಂದವರೂ ಪ್ರತಿ ವರ್ಷ ಹೆಸರುಗಳನ್ನು ಕೈಬಿಡುತ್ತಲೇ ಇರುತ್ತಾರೆ. ಕೊಳ್ಳುವ ಕಲೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಬಿಡುವ ಕಲೆಯ ಬಗ್ಗೆ ಯಾರೂ ಹೇಳುವುದಿಲ್ಲ, ಆದರೆ ನನ್ನ ಮಟ್ಟಿಗೆ ಲಾಭ ನಷ್ಟ ತೀರ್ಮಾನವಾಗುವುದು ಈ ಎರಡನೆಯದರಲ್ಲೇ.

ಪ್ರಶ್ನೆ: ಒಂದು ದೊಡ್ಡ ಬ್ರ್ಯಾಂಡ್‌ನ ಹೆಸರು ಹೊಸ ಎಕ್ಸ್‌ಟೆನ್ಶನ್‌ನಲ್ಲಿ ಖಾಲಿ ಇದೆ. ನಾನೇ ಮೊದಲು ನೋಂದಣಿ ಮಾಡಿ ಅವರಿಗೇ ಮಾರಬಹುದಲ್ವಾ? ಮೊದಲು ಬಂದವರಿಗೆ ಮೊದಲು ಅಂತಾರಲ್ಲ.

ಉತ್ತರ: ಬೇಡವೇ ಬೇಡ. ನೋಂದಣಿ ಮಾಡಲು ತಂತ್ರಾಂಶ ಬಿಡುತ್ತದೆ, ಕಾನೂನು ಬಿಡುವುದಿಲ್ಲ. ಇದಕ್ಕೆ ಸೈಬರ್‌ಸ್ಕ್ವಾಟಿಂಗ್ ಅನ್ನುತ್ತಾರೆ.

ಅಮೆರಿಕದಲ್ಲಿ ಡೆನಿಸ್ ಟೋಪನ್ ಎಂಬುವರು 1995ರಲ್ಲಿ ಪ್ಯಾನಾವಿಷನ್ ಡಾಟ್ ಕಾಮ್ ನೋಂದಣಿ ಮಾಡಿದರು. ಪ್ಯಾನಾವಿಷನ್ ಅಂದರೆ ಸಿನಿಮಾ ಕ್ಯಾಮೆರಾಗಳ ಹೆಸರಾಂತ ಕಂಪನಿ. ತನ್ನ ತಾಣ ಬೇರೆಯೇ ಅಂತ ತೋರಿಸಲು ಅವರು ಅದರಲ್ಲಿ ಇಲಿನಾಯ್ ರಾಜ್ಯದ 'ಪಾನಾ' ಎಂಬ ಊರಿನ ಫೋಟೊಗಳನ್ನು ಹಾಕಿದ್ದರು! ಕಂಪನಿ ಕೇಳಿದಾಗ 13,000 ಡಾಲರ್ ಕೊಟ್ಟರೆ ಬಿಡುತ್ತೇನೆ ಅಂದರು. 1998ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಕಂಪನಿಯ ಪರವಾಗಿಯೇ ತೀರ್ಪು ಕೊಟ್ಟಿತು. ಬೇರೆ ಕಂಪನಿಗಳ ಹೆಸರುಗಳನ್ನೂ ಅವರು ಹಾಗೇ ಹಿಡಿದಿಟ್ಟಿದ್ದು ಅವರಿಗೆ ಮುಳುವಾಯಿತು.

1999ರಿಂದ ಇದಕ್ಕೆ, ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಯುಡಿಆರ್‌ಪಿ ಅನ್ನುವ ನಿಯಮವೇ ಇದೆ, ಕೋರ್ಟಿಗೂ ಹೋಗಬೇಕಿಲ್ಲ. ಹೆಸರು ತನ್ನ ಟ್ರೇಡ್‌ಮಾರ್ಕ್‌ಗೆ ಗೊಂದಲ ಆಗುವಷ್ಟು ಹತ್ತಿರ ಇದೆ, ನಿಮಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದ ನೋಂದಣಿ ಮಾಡಿ ಬಳಸುತ್ತಿದ್ದೀರಿ ಎಂಬ ಮೂರನ್ನೂ ಕಂಪನಿ ತೋರಿಸಿದರೆ ಹೆಸರು ಕೈತಪ್ಪುತ್ತದೆ. ಬ್ರ್ಯಾಂಡ್‌ನವರಿಗೇ ಮಾರಲು ಕೊಂಡೆ ಅನ್ನುವ ನಿಮ್ಮ ಒಂದು ಮೇಲ್ ಸಾಕು, ಮೂರನೆಯದಕ್ಕೆ ಅದೇ ಸಾಕ್ಷಿ. ಅಮೆರಿಕದ ಕಾನೂನಿನಲ್ಲಂತೂ ಒಂದು ಹೆಸರಿಗೆ 1,000ದಿಂದ 1,00,000 ಡಾಲರ್‌ವರೆಗೆ ದಂಡ ಕಟ್ಟಿಸಬಹುದು.

ಹಕ್ಕು ನಿಮ್ಮದೇ ಆಗಿದ್ದರೂ ದೊಡ್ಡವರ ಎದುರು ನಿಲ್ಲುವುದು ಸುಲಭ ಅಲ್ಲ. ಊಝಿ ನಿಸ್ಸಾನ್ ಎಂಬುವರು ತಮ್ಮದೇ ಮನೆತನದ ಹೆಸರಿನಲ್ಲಿ ಕಂಪ್ಯೂಟರ್ ವ್ಯಾಪಾರ ನಡೆಸುತ್ತಿದ್ದರು, 1994ರಲ್ಲೇ ನಿಸ್ಸಾನ್ ಡಾಟ್ ಕಾಮ್ ನೋಂದಣಿ ಮಾಡಿದ್ದರು. 1999ರಲ್ಲಿ ಕಾರ್ ಕಂಪನಿ ಕೇಸು ಹಾಕಿತು. ಹೆಸರು ಕೊನೆಗೂ ಅವರಿಗೇ ಉಳಿಯಿತು, ಆದರೆ ಕೋರ್ಟು ಕಚೇರಿಯಲ್ಲಿ ವರ್ಷಗಳೇ ಕಳೆದವು. ಸಾಮಾನ್ಯ ಪದಗಳು, ಎಲ್ಲರೂ ಬಳಸುವ ಪದ ಜೋಡಿಗಳು ಬೇಕಷ್ಟಿವೆ. ಕೊಳ್ಳುವ ಮುಂಚೆ ಟ್ರೇಡ್‌ಮಾರ್ಕ್ ಪಟ್ಟಿಯಲ್ಲಿ ಒಂದು ಸಲ ಹುಡುಕಿದರೆ ಈ ತಲೆನೋವು ಇರುವುದಿಲ್ಲ.

ಪ್ರಶ್ನೆ: ನನಗೆ ಬೇಕಾದ ಹೆಸರಿನ ಅವಧಿ ಮುಗಿದಿದೆ ಅಂತ ತೋರಿಸ್ತಿದೆ. ದಿನಾ ನೋಡ್ತೀನಿ, ಆದರೂ ನೋಂದಣಿಗೆ ಸಿಗ್ತಾ ಇಲ್ಲ. ಯಾಕೆ?

ಉತ್ತರ: ಅವಧಿ ಮುಗಿದ ದಿನವೇ ಹೆಸರು ಬಿಡುಗಡೆ ಆಗುವುದಿಲ್ಲ. ಡಾಟ್ ಕಾಮ್‌ನಂಥವುಗಳಲ್ಲಿ ಮೊದಲು 45 ದಿನಗಳವರೆಗೆ ಹಳೆಯ ಮಾಲೀಕ ನವೀಕರಿಸಿಕೊಳ್ಳಲು ಅವಕಾಶ ಇರಬಹುದು, ಇದು ರಿಜಿಸ್ಟ್ರಾರ್‌ನಿಂದ (ಹೆಸರು ನೋಂದಣಿ ಮಾಡಿಕೊಡುವ ಕಂಪನಿ) ರಿಜಿಸ್ಟ್ರಾರ್‌ಗೆ ಬೇರೆ. ಆಮೇಲೆ 30 ದಿನ ರಿಡೆಂಪ್ಶನ್, ಆಗಲೂ ದಂಡ ಕಟ್ಟಿ ಅವನು ವಾಪಸ್ ಪಡೆಯಬಹುದು. ಕೊನೆಗೆ 5 ದಿನ ಪೆಂಡಿಂಗ್ ಡಿಲೀಟ್, ಅಂದರೆ ಅಳಿಸಿಹೋಗಲು ಕಾಯುವ ಹಂತ. ಅದು ಮುಗಿದ ಮೇಲೆ ಹೆಸರು ಹೊರಬರುತ್ತದೆ, ಆದರೆ ಆ ಕ್ಷಣಕ್ಕೆ ಡ್ರಾಪ್ ಕ್ಯಾಚಿಂಗ್, ಅಂದರೆ ಹೊರಬಂದ ಹೆಸರನ್ನು ತಕ್ಷಣ ಹಿಡಿಯುವ ಕಂಪನಿಗಳ ಯಂತ್ರಗಳು ಕಾದಿರುತ್ತವೆ. ಕೈಯಲ್ಲಿ ಟೈಪ್ ಮಾಡಿ ಅವುಗಳನ್ನು ಹಿಂದೆ ಹಾಕಲು ಆಗುವುದಿಲ್ಲ. ಅದಕ್ಕೂ ಮೊದಲೇ ಒಳ್ಳೆಯ ಹೆಸರುಗಳನ್ನು ಎಷ್ಟೋ ರಿಜಿಸ್ಟ್ರಾರ್‌ಗಳು ತಾವೇ ಹರಾಜಿಗೆ ಹಾಕಿರುತ್ತಾರೆ.

ಹಾಗಾಗಿ ಆ ಹೆಸರು ಯಾವ ರಿಜಿಸ್ಟ್ರಾರ್ ಹತ್ತಿರ ಇದೆ ನೋಡಿ, ಅವರ ಹರಾಜು ಎಲ್ಲಿ ನಡೆಯುತ್ತದೆ ತಿಳಿದುಕೊಳ್ಳಿ. ಹರಾಜಿಗೆ ಕೂರುವ ಮುಂಚೆ ಎಷ್ಟರವರೆಗೆ ಹೋಗುತ್ತೀರಿ ಅನ್ನೋದನ್ನು ಬರೆದಿಟ್ಟುಕೊಳ್ಳಿ, ಕೊನೆಯ ನಿಮಿಷಗಳ ಪೈಪೋಟಿಯಲ್ಲಿ ತಲೆ ಬಿಸಿಯಾಗಿರುತ್ತದೆ. ಇನ್ನೊಂದು ಮಾತು, ವೆಬ್ ಪುಟಗಳ ಹಳೆಯ ಪ್ರತಿಗಳನ್ನು ಕೂಡಿಡುವ ವೇಬ್ಯಾಕ್ ಮಷೀನ್ ತಾಣದಲ್ಲಿ ಆ ವಿಳಾಸದ ಹಳೆಯ ಪುಟಗಳನ್ನು ತೆರೆದು ನೋಡಿ. ಹಿಂದೆ ಅಲ್ಲಿ ಜೂಜಿನ ತಾಣವೋ ಮೋಸದ ಅಂಗಡಿಯೋ ನಡೆದಿದ್ದರೆ ಆ ಕೆಟ್ಟ ಹೆಸರು ನಿಮಗೂ ಅಂಟಿಕೊಳ್ಳುತ್ತದೆ, ನೀವು ಕಳಿಸುವ ಮೇಲ್ ಕೂಡ ಸ್ಪ್ಯಾಮ್‌ಗೆ ಹೋಗಬಹುದು.

ಪ್ರಶ್ನೆ: ಎಲ್ಲರೂ ಡಾಟ್ ಎಐ ಕೊಳ್ತಿದ್ದಾರೆ. ನಾನೂ ಕೊಳ್ಳಲಾ? ಮಾರಾಟ ಆಗೋವರೆಗೆ ಜಾಹೀರಾತು ಪುಟ ಹಾಕಿದ್ರೆ ಖರ್ಚು ಹುಟ್ಟುತ್ತಾ?

ಉತ್ತರ: ಡಾಟ್ ಎಐ ಅಂದರೆ ಕೆರಿಬಿಯನ್‌ನ ಅಂಗ್ವಿಲಾ ಎಂಬ ಪುಟ್ಟ ದ್ವೀಪದ ಕೋಡ್. ಕನಿಷ್ಠ ಎರಡು ವರ್ಷಕ್ಕೆ ಕಟ್ಟಬೇಕು, ಬೆಲೆಯೂ ಡಾಟ್ ಕಾಮ್‌ಗಿಂತ ಎಷ್ಟೋ ಪಟ್ಟು. ಮಾರಾಟ ಚೆನ್ನಾಗಿ ಆಗ್ತಿರೋದು ನಿಜ, ಆದರೆ ಒಂದೇ ಪದದ ಹೆಸರುಗಳಿಗೆ. ಉದ್ದನೆಯ ಹೆಸರಿಗೆ ಡಾಟ್ ಎಐ ಅಂಟಿಸಿದರೆ ನವೀಕರಣದ ಬಿಲ್ ಮಾತ್ರ ದೊಡ್ಡದಾಗುತ್ತದೆ. ದೇಶದ ಕೋಡ್‌ಗಳಲ್ಲಿ ನಿಯಮ, ಬೆಲೆ ಎಲ್ಲ ಆಯಾ ಕೋಡ್ ನಡೆಸುವವರ ಕೈಯಲ್ಲಿ ಅನ್ನೋದೂ ನೆನಪಿರಲಿ. ಯುಗೊಸ್ಲಾವಿಯಾ ದೇಶ ಹೋದ ಮೇಲೆ ಅದರ ಡಾಟ್ ವೈಯು ಕೂಡ 2010ರಲ್ಲಿ ಪೂರ್ತಿ ಮುಚ್ಚಿತು.

ಜಾಹೀರಾತು ಪುಟ, ಅಂದರೆ ಪಾರ್ಕಿಂಗ್, ಒಂದು ಕಾಲದಲ್ಲಿ ಒಳ್ಳೆಯ ಆದಾಯವೇ ಆಗಿತ್ತು. ಜನ ಬ್ರೌಸರ್‌ನಲ್ಲಿ ನೇರವಾಗಿ ಹೆಸರು ಟೈಪ್ ಮಾಡುತ್ತಿದ್ದ ಕಾಲ ಅದು. ಈಗ ಎಲ್ಲರೂ ಹುಡುಕುತ್ತಾರೆ, ಆ್ಯಪ್ ತೆರೆಯುತ್ತಾರೆ. ಹೊಸ ಹೆಸರಿಗೆ ಪಾರ್ಕಿಂಗ್‌ನಿಂದ ನವೀಕರಣದ ದುಡ್ಡೂ ಹುಟ್ಟುವುದು ಕಷ್ಟ. ಆ ಪುಟದಲ್ಲಿ 'ಈ ಹೆಸರು ಮಾರಾಟಕ್ಕಿದೆ' ಅಂತ ಬೆಲೆ ಸಮೇತ ಹಾಕಿ, ಅದೇ ಉಪಯೋಗ.

ಪ್ರಶ್ನೆ: ನನ್ನ ಹೆಸರಿಗೆ 8,000 ಡಾಲರ್ ಕೊಡ್ತೀನಿ ಅಂತ ಒಬ್ಬರು ಮೇಲ್ ಮಾಡಿದ್ದಾರೆ. ಆದರೆ ಮೊದಲು ಇಂಥದ್ದೇ ತಾಣದಿಂದ ಮೌಲ್ಯಮಾಪನ ಪತ್ರ ತರಬೇಕಂತೆ. ಮಾಡಿಸಲಾ?

ಉತ್ತರ: ಮಾಡಿಸಬೇಡಿ, ಇದು ಹಳೆಯ ಮೋಸ. ಆ ತಾಣವೂ ಅವರದೇ ಇರುತ್ತದೆ. ಪತ್ರಕ್ಕೆ ನೀವು ದುಡ್ಡು ಕಟ್ಟಿದ ಮೇಲೆ 8,000 ಡಾಲರ್‌ನ ಗಿರಾಕಿ ನಾಪತ್ತೆ. ನಿಜವಾಗಿ ಹೆಸರು ಬೇಕಾದವರು ಪ್ರಮಾಣಪತ್ರ ಕೇಳುವುದಿಲ್ಲ, 'ಎಷ್ಟು?' ಅಂತ ಕೇಳುತ್ತಾರೆ. ಸುಮ್ನೆ ಒಂದು ಸಾಲು ಬರೆಯಿರಿ: ಎಸ್ಕ್ರೋ (ವ್ಯವಹಾರ ಮುಗಿಯುವವರೆಗೆ ಹಣ ಹಿಡಿದಿಟ್ಟುಕೊಳ್ಳುವ ಮಧ್ಯವರ್ತಿ ಸಂಸ್ಥೆ) ಮೂಲಕವಾದರೆ ಮಾತ್ರ ಮಾರುತ್ತೇನೆ, ಮೌಲ್ಯಮಾಪನ ಬೇಕಿದ್ದರೆ ನೀವೇ ಮಾಡಿಸಿಕೊಳ್ಳಿ. ಮೋಸಗಾರರಾದರೆ ಮತ್ತೆ ಉತ್ತರ ಬರುವುದಿಲ್ಲ.

ಒಂದು ವೇಳೆ ನಿಜವಾದ ಗಿರಾಕಿಯೇ ಆಗಿದ್ದರೆ ಕ್ರಮ ಹೀಗೆ: ಅವರು ಹಣವನ್ನು ಎಸ್ಕ್ರೋ ಸಂಸ್ಥೆಗೆ ಕಟ್ಟುತ್ತಾರೆ, ಅದು ಬಂದ ಮೇಲೆ ನೀವು ಹೆಸರಿನ ಬೀಗ ತೆಗೆದು ವರ್ಗಾವಣೆ ಕೋಡ್ ಕೊಡುತ್ತೀರಿ, ಹೆಸರು ಕೈಗೆ ಬಂತು ಅಂತ ಅವರು ಒಪ್ಪಿದಾಗ ಸಂಸ್ಥೆ ನಿಮಗೆ ಹಣ ಬಿಡುಗಡೆ ಮಾಡುತ್ತದೆ. ಹೆಸರು ನೋಂದಣಿಯಾಗಿ 60 ದಿನ ಆಗಿಲ್ಲದಿದ್ದರೆ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲು ಸಾಮಾನ್ಯವಾಗಿ ಬಿಡುವುದಿಲ್ಲ, ಆಗ ಅದೇ ರಿಜಿಸ್ಟ್ರಾರ್‌ನಲ್ಲಿ ಅವರ ಖಾತೆಗೆ ಹಾಕಬಹುದು. 'ಹಣ ಬಂದಿದೆ, ಕೋಡ್ ಕಳಿಸಿ' ಅಂತ ಬರುವ ಮೇಲ್ ಕೂಡ ನಕಲಿ ಇರಬಹುದು. ಅದರಲ್ಲಿರುವ ಲಿಂಕ್ ಒತ್ತಬೇಡಿ. ಎಸ್ಕ್ರೋ ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ, ಲಾಗಿನ್ ಆಗಿ, ಹಣ ಜಮೆಯಾಗಿರುವುದನ್ನು ಕಣ್ಣಾರೆ ನೋಡಿದ ಮೇಲಷ್ಟೇ ಕೋಡ್ ಕೊಡಿ.