ಆಟದಲ್ಲಿ ಮಂತ್ರ ಹಾಕುವಾಗ ಪ್ರತಿ ಸಾಮಗ್ರಿಯ ಲೆಕ್ಕವನ್ನೂ ಇಡಬೇಕಾ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ಆಡುವ ಆಟದ ಐದನೇ ಆವೃತ್ತಿಯಲ್ಲಿ ಬೇಕಿಲ್ಲ. ಮಂತ್ರದ ವಿವರದಲ್ಲಿ ಸಾಮಗ್ರಿಗೆ ಬೆಲೆ ಬರೆದಿದೆಯಾ ನೋಡಿ. ಬೆಲೆ ಇಲ್ಲ, ಖರ್ಚಾಗುವುದೂ ಇಲ್ಲ ಅಂದರೆ ಕಾಂಪೊನೆಂಟ್ ಪೌಚ್ (ಸಾಮಗ್ರಿ ಚೀಲ) ಅಥವಾ ಫೋಕಸ್ (ಮಂತ್ರದಂಡದಂಥ ವಸ್ತು) ಸಾಕು. ಬೆಂಕಿ ಸಿಡಿಸುವ ಫೈರ್‌ಬಾಲ್ ಮಂತ್ರಕ್ಕೆ ಬಾವಲಿ ಹಿಕ್ಕೆ, ಗಂಧಕ ಬೇಕು. ಸುಮ್ನೆ ಅದಕ್ಕಾಗಿ ಯಾರು ಗುಹೆ ಹುಡುಕುತ್ತಾರೆ, ಅಲ್ವಾ?

ಬೆಲೆ ಇದ್ದರೆ ಅಥವಾ ಖರ್ಚಾಗುವಂಥದ್ದಾದರೆ ಮಾತ್ರ ಆ ವಸ್ತುವೇ ಬೇಕು. ಮಾಯಾವಸ್ತುವಿನ ಗುಣ ತಿಳಿಸುವ ಐಡೆಂಟಿಫೈಗೆ 100 ಚಿನ್ನದ ನಾಣ್ಯ ಬೆಲೆಯ ಮುತ್ತು ಒಮ್ಮೆ ಕೊಂಡರೆ ಮುಗಿಯಿತು, ಅದು ಹಾಗೇ ಉಳಿಯುತ್ತದೆ. ಆದರೆ ಸತ್ತವರನ್ನು ಎಬ್ಬಿಸುವ ರಿವಿವಿಫೈಗೆ ಪ್ರತಿ ಸಲವೂ 300 ನಾಣ್ಯದ ವಜ್ರ ಹೋಗುತ್ತದೆ. ಉಡುಪಿಯಲ್ಲಿ ನಾವು ಆಡುವಾಗ ಇಂಥದ್ದನ್ನು ಮಾತ್ರ ಬರೆದಿಡುತ್ತೇವೆ. ಒಮ್ಮೆ ವಜ್ರ ಕೊಳ್ಳಲು ಮರೆತು ನನ್ನ ಪಾತ್ರ ಸತ್ತೇ ಹೋಯಿತು. ಉಳಿದವರು ಗೋಳಿಬಜೆ ತಿನ್ನುತ್ತಾ ಶೋಕ ಆಚರಿಸಿದರು.